ಕಾಯಕವೂ ಕಾಯವೂ

ಶರಣರು ಕಾಯಕವನ್ನು ಕೈಲಾಸದ ಎತ್ತರಕ್ಕೇರಿಸಿದರೆಂಬುದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರಲ್ಲಿ ಮಕ್ಕಳು ಕೂಡ ಬಲ್ಲ ಸಂಗತಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಈ ಜನರು ಎರಡು ಭಾಷೆಗಳಲ್ಲಿಯೂ ಅದನ್ನು ನಿತ್ಯ ನೆನೆಯುತ್ತಾರೆ. ಆದರೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಾಗ ಆ ಮಹಾವಾಕ್ಯದ ಒಂದು ಮಗ್ಗುಲು ಮಾತ್ರ ಉಳಿದು ಇನ್ನೊಂದು ಸವೆದುಹೋದಂತೆ ತೋರುತ್ತದೆ. ದುಡಿಯುವವನೇ ದೊಡ್ಡವನು, ದಣಿದೆನೆಂದವನು ಮೈಗಳ್ಳ ಎಂಬುದೇ ಲೋಕದ ತೀರ್ಪಾಗಿದೆ. ಜ್ವರವಿದ್ದರೂ ಮಗ್ಗದ ಕುಣಿಗೆ ಇಳಿದ ನೇಕಾರನನ್ನೂ, ಹೆತ್ತು ತಿಂಗಳು ತುಂಬುವ ಮುನ್ನವೇ ಬೀಡಿಯೆಲೆಯ ಮೊರವನ್ನು ಮಡಿಲಿಗೆಳೆದುಕೊಂಡ ತಾಯಿಯನ್ನೂ ಊರು ಕೊಂಡಾಡುತ್ತದೆ. ಅಂಥವರು ಅಕಾಲದಲ್ಲಿ ಕಣ್ಮರೆಯಾದರೆ 'ದುಡಿದು ದುಡಿದು ಜೀವ ತೆಯ್ದರು' ಎಂದು ನಾಲ್ಕು ಕಣ್ಣೀರು ಸುರಿಸುತ್ತದೆ. ಈ ಕೊಂಡಾಟವು ಧರ್ಮಕ್ಕೆ ಒಪ್ಪುವಂಥದೇ? ಕಾಯಕದಲ್ಲಿ ತನ್ನ ಕಾಯವನ್ನು ಕೆಡಿಸಿಕೊಂಡವನು ಭಕ್ತನೋ, ಅಪರಾಧಿಯೋ? ಗುಡಿಯ ಜೀರ್ಣೋದ್ಧಾರದ ಈ ಶುಭಸಂದರ್ಭದಲ್ಲಿ ಈ ಪ್ರಶ್ನೆಯನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು. ಬಸವಣ್ಣನವರು ಮನುಷ್ಯನ ಒಡಲನ್ನೇ ಗುಡಿಯಾಗಿ ಕಂಡವರು. ಕಲ್ಲಿನ ಗುಡಿಯ ಗೋಡೆ ಬಿರಿದರೆ ವಂತಿಗೆ ಎತ್ತುವ ಊರು ಒಡಲಗುಡಿ ಬಿರಿದಾಗ ಸುಮ್ಮನಿರಬಹುದೇ?

ಈ ವಿಷಯದಲ್ಲಿ ಹಿರಿಯರೊಳಗೆ ಎರಡು ಪಕ್ಷಗಳುಂಟು. ದೇಹವು ಎಂದಿದ್ದರೂ ಬಿದ್ದುಹೋಗತಕ್ಕದ್ದು, ಸವೆಯುವ ವಸ್ತುವನ್ನು ಸತ್ಕಾರ್ಯದಲ್ಲಿ ಸವೆಸುವುದೇ ಸಾರ್ಥಕವೆಂದು ಒಂದು ಪಕ್ಷ. ತಾನು ಸುಖವಾಗಿದ್ದರೆ ಲೋಕವೆಲ್ಲ ಸುಖವಾದಂತೆ, ಆದುದರಿಂದ ಮೊದಲು ಮೈ, ಆಮೇಲೆ ಕೆಲಸ ಎಂದು ಇನ್ನೊಂದು ಪಕ್ಷ. ಎರಡನೆಯದನ್ನು ಖಂಡಿಸುವುದು ಸುಲಭ. ಅದು ತನ್ನ ಮೈಯನ್ನು ಮಾತ್ರ ಬಲ್ಲದು. ಮೊದಲನೆಯದು ಮೇಲ್ನೋಟಕ್ಕೆ ತ್ಯಾಗದಂತೆ ಕಾಣುವುದರಿಂದ ಹೆಚ್ಚು ಜನರನ್ನು ಮರುಳುಗೊಳಿಸುತ್ತದೆ.

ಕಾಯಕವೆಂಬ ಶಬ್ದದ ಮೂಲವನ್ನು ನೋಡಿದರೂ ಅದರಲ್ಲಿ ಕಾಯವು ಸೇರಿಕೊಂಡೇ ಇದೆ. ಒಡಲಿನಿಂದ ಆಗುವುದು ಕಾಯಕ. ಒಡಲನ್ನು ಕಳೆದರೆ ಕಾಯಕವೆಲ್ಲಿ ನಿಂತೀತು? ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ ಘೋರ ತಪಸ್ಸಿನಲ್ಲಿ ತೊಡಗಿದ ಪಾರ್ವತಿಯ ಬಳಿಗೆ ಶಿವನು ಬ್ರಹ್ಮಚಾರಿಯ ವೇಷದಿಂದ ಬಂದು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು ಇದೇ: ನಿನ್ನ ಶಕ್ತಿಯನ್ನು ಅರಿತು ತಪಸ್ಸು ಮಾಡುತ್ತಿರುವೆಯಷ್ಟೆ? ಧರ್ಮವನ್ನು ಸಾಧಿಸಲು ಶರೀರವೇ ಮೊದಲನೆಯ ಉಪಕರಣವೆಂದು ಅಲ್ಲಿ ಹೇಳಿಸಿದವನು ಶೃಂಗಾರಕವಿಯೆಂದು ಹೆಸರಾದ ಕಾಳಿದಾಸ. ಹೇಳಿದವನಾದರೋ ವೈರಾಗ್ಯಕ್ಕೆ ಮೂರ್ತಿಯಾದ ಶಿವ. ಗೀತೆಯ ಆರನೆಯ ಅಧ್ಯಾಯವು ಮಿತಿಮೀರಿ ಉಂಡವನಿಗೂ, ಏನೂ ಉಣ್ಣದವನಿಗೂ, ಅತಿಯಾಗಿ ಮಲಗುವವನಿಗೂ, ಎಚ್ಚತ್ತೇ ಇರುವವನಿಗೂ ಯೋಗವು ದಕ್ಕದೆಂದು ಸ್ಪಷ್ಟಪಡಿಸುತ್ತದೆ. ಇಷ್ಟು ಶಾಸ್ತ್ರ ಸಾಕು. ಸೊಲ್ಲಾಪುರದ ಜನರಿಗೆ ಇದಕ್ಕಿಂತ ಹತ್ತಿರದ ಆಧಾರವೊಂದುಂಟು.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಮುದ್ದುಗೌಡ ಸುಗ್ಗಲೆಯರ ಉದರದಲ್ಲಿ ಜನಿಸಿದ ಸಿದ್ಧರಾಮನ ಚರಿತ್ರೆಯನ್ನು ರಾಘವಾಂಕನು ಷಟ್ಪದಿಯಲ್ಲಿ ವರ್ಣಿಸಿದ್ದಾನೆ. ಬಾಲಕನು ಮಾತು ಕಡಿಮೆ, ಮಂಕನೆಂದು ಊರವರಿಂದ ಕರೆಸಿಕೊಂಡವನು. ಹೊಲದಲ್ಲಿದ್ದಾಗ ಮಲ್ಲಯ್ಯನು ಜಂಗಮನಾಗಿ ಬಂದನು. ಬಂದವನು ಬೇಡಿದ್ದೇನು? ಹೊಲದ ಎಳೆಯ ತೆನೆ. ಅದು ಸಾಲದೆ ಹಸಿವು ತಣಿಯಲು ಮಜ್ಜಿಗೆಯನ್ನ. ಮುಕ್ತಿಯ ಮಾತಾಗಲಿ ಮಂತ್ರದ ಮಾತಾಗಲಿ ಅಲ್ಲಿಲ್ಲ. ದೇವರು ಮನುಷ್ಯನ ಎದುರಿಗೆ ಬಂದಾಗ ಹಸಿದ ಹೊಟ್ಟೆಯಾಗಿಯೇ ಬಂದನೆಂಬುದನ್ನು ಕಥೆ ಕೇಳುವವರು ಅವಸರದಲ್ಲಿ ದಾಟಿಬಿಡುತ್ತಾರೆ.

ಬಾಲಕನು ಮನೆಗೋಡಿ ತಾಯಿಯಿಂದ ಮಜ್ಜಿಗೆಯನ್ನ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಮಲ್ಲಯ್ಯನಿಲ್ಲ. ಕೂಗುತ್ತ ಅಳುತ್ತ ಅವನು ಶ್ರೀಶೈಲದ ದಾರಿ ಹಿಡಿದನು. ಅಲ್ಲಿ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದರೆ, ತನ್ನಲ್ಲಿ ಅನ್ನ ಬೇಡಿದ ಮಲ್ಲಯ್ಯ ಇವನಲ್ಲವೆಂದು ಗಿರಿಗಹ್ವರಗಳಲ್ಲಿ ಅಲೆದನು. ಕಡೆಗೆ ದುಃಖವನ್ನು ತಾಳಲಾರದೆ ಕೊಳ್ಳಕ್ಕೆ ಹಾರಲು, ಮಲ್ಲಯ್ಯನು ಕೈಹಿಡಿದು ಎತ್ತಿದನು. ಎತ್ತಿ, ಸೊನ್ನಲಿಗೆಗೆ ಹಿಂದಿರುಗಿ ಅದನ್ನು ಎರಡನೆಯ ಶ್ರೀಶೈಲವಾಗಿ ಮಾಡೆಂದು ಕಳಿಸಿದನು. ಈ ಪ್ರಸಂಗವನ್ನು ಪವಾಡವೆಂದು ಕೈಮುಗಿದು ಬಿಡುವುದಕ್ಕಿಂತ ಅದರ ಕ್ರಮವನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಬಾಳು ಬೇಡವೆಂದ ಜೀವಕ್ಕೆ ಮೊದಲು ಸಿಕ್ಕಿದ್ದು ಒಂದು ಕೈಯ ಹಿಡಿತ, ಉಪದೇಶವು ಆಮೇಲೆ. ಅನಂತರ ಸಿಕ್ಕಿದ್ದು ಹಿಂದಿರುಗಲು ಒಂದು ಊರು, ಮಾಡಲು ಒಂದು ಕೆಲಸ. ಮಂಕನೆಂದು ನಕ್ಕ ಅದೇ ಜನರ ನಡುವೆ ಅವನು ಕೆರೆ ಕಟ್ಟಿಸಿದನು, ಲಿಂಗಗಳನ್ನು ಸ್ಥಾಪಿಸಿದನು, ಊರನ್ನು ಬೆಳೆಸಿದನು. ಮನಸ್ಸಿನ ವ್ಯಥೆಗೆ ಕಾಯಕವು ಔಷಧವಾದೀತೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತವು ಕನ್ನಡದಲ್ಲಿ ದೊರೆಯುವುದು ಕಷ್ಟ. ಆದರೆ ಕೈಹಿಡಿಯುವವನಿಲ್ಲದೆ, ಬರಿಯ ಕೆಲಸವನ್ನು ಮುಂದೊಡ್ಡಿ 'ದುಡಿ, ಎಲ್ಲ ಮರೆತೀತು' ಎನ್ನುವುದು ಆ ಔಷಧವಲ್ಲ.

ಸಿದ್ಧರಾಮನು ಕೆರೆಯನ್ನು ಆರಿಸಿಕೊಂಡದ್ದೂ ಸ್ವಾರಸ್ಯವಾಗಿದೆ. ಮಳೆ ಕಡಿಮೆಯಾದ ಸೊಲ್ಲಾಪುರದ ಸೀಮೆಯಲ್ಲಿ ಕೆರೆಯೇ ಪ್ರಾಣ. ಕೆರೆ ಕಟ್ಟುವವನು ಏರಿಯೊಂದನ್ನೇ ಎತ್ತರಿಸಿ ಸುಮ್ಮನಾಗುವುದಿಲ್ಲ. ಬೇಕಾದಾಗ ನೀರು ಬಿಡಲು ತೂಬು ಇರಿಸುತ್ತಾನೆ. ಮಳೆ ಹೆಚ್ಚಿದ ವರ್ಷ ಹೆಚ್ಚಿನ ನೀರು ತಾನಾಗಿ ಹರಿದುಹೋಗಲು ಕೋಡಿ ಇರಿಸುತ್ತಾನೆ. ಕೋಡಿಯಿಲ್ಲದ ಕೆರೆ ಗಟ್ಟಿಯಾದ ಏರಿಯುಳ್ಳದ್ದಾದರೂ ಒಂದು ರಾತ್ರಿಯಲ್ಲಿ ಒಡೆದು ಕೆಳಗಿನ ಹೊಲಗಳನ್ನು ಕೊಚ್ಚಿಕೊಂಡು ಹೋಗುವುದು. ವರ್ಷವರ್ಷ ಹೂಳು ತೆಗೆಯದಿದ್ದರೆ ಒಡೆಯದೆಯೇ ಬರಿದಾಗುವುದು. ಮನುಷ್ಯನ ನಿದ್ದೆ, ಬಿಡುವು, ಗೆಳೆಯನೊಡನೆ ಹರಟೆ ಇವು ಅವನ ಕೋಡಿ. ಅವುಗಳನ್ನು ಸೋಮಾರಿತನವೆಂದು ಕಟ್ಟಿಹಾಕಿದವನು ಒಡೆದಾಗ ಅವನ ಹೆಂಡಿರು ಮಕ್ಕಳೇ ಕೆಳಗಿನ ಹೊಲ.

ಕೆರೆಯ ಕೆಲಸ ನಡೆದಿರುವಾಗಲೇ ಅಲ್ಲಮಪ್ರಭು ಸೊನ್ನಲಿಗೆಗೆ ಬಂದ ಸಂಗತಿಯನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ಹೇಳುತ್ತದೆ. ಪ್ರಭುವು ಸಿದ್ಧರಾಮನನ್ನು ಮಣ್ಣು ಹೊರುವ ಒಡ್ಡನೆಂದು ಮೂದಲಿಸಿದನು. ಕೇಳಿದ ಶಿಷ್ಯರು ಸಿಟ್ಟಿನಿಂದ ಕಲ್ಲು ಬೀರಿದರು. ಲೋಕಕ್ಕೆ ನೀರುಣಿಸುವವನನ್ನು ಹಳಿಯಬಹುದೇ ಎಂದು ಓದುಗನಿಗೂ ಆ ಕ್ಷಣದಲ್ಲಿ ಸಿಟ್ಟು ಬರುತ್ತದೆ. ಅಲ್ಲಮನ ಆಕ್ಷೇಪವಿದ್ದದ್ದು ಕೆರೆಯ ಮೇಲಲ್ಲ. ಕಟ್ಟಿಸುವವನ ಒಳಗೆ ಬೆಳೆಯುತ್ತಿದ್ದ, ತಾನು ಕಟ್ಟಿಸುತ್ತಿದ್ದೇನೆಂಬ ಭಾವದ ಮೇಲೆ. ಸಿದ್ಧರಾಮನು ಆ ಬಿರುನುಡಿಯನ್ನು ಒಳಕ್ಕೆ ಇಳಿಸಿಕೊಂಡನು. ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದನು. ಊರ ಕೆಲಸಕ್ಕೆ ನಿಂತವರಲ್ಲಿ, ಗುಡಿಯ ಪಂಚರಾಗಲಿ ಸಹಕಾರಿ ಸಂಘದ ಅಧ್ಯಕ್ಷರಾಗಲಿ, ತಾನೊಬ್ಬನು ಇಲ್ಲದಿದ್ದರೆ ಎಲ್ಲ ನಿಂತುಹೋದೀತೆಂಬ ಚಿಂತೆ ನಿದ್ದೆಯನ್ನು ತಿನ್ನುವುದುಂಟು. ಆ ಚಿಂತೆಗೆ ಕರ್ತವ್ಯಬುದ್ಧಿಯೆಂದು ಹೆಸರಿಟ್ಟರೂ ಅದರ ತಾಯಿಬೇರು ಅಹಂಕಾರದಲ್ಲಿದೆ. ಸಿದ್ಧರಾಮನು ಕಲ್ಯಾಣಕ್ಕೆ ಹೋದರೂ ಕೆರೆಯ ನೀರು ಆರಲಿಲ್ಲ.

ಕೆರೆಯ ಊರು ಮುಂದೆ ಗಿರಣಿಯ ಊರಾಯಿತು. 1877ರಲ್ಲಿ ಸೊಲ್ಲಾಪುರದಲ್ಲಿ ಮೊದಲ ದೊಡ್ಡ ನೂಲಿನ ಗಿರಣಿ ಹುಟ್ಟಿದ ಮೇಲೆ ಸುತ್ತಲಿನ ಕನ್ನಡ, ಮರಾಠಿ, ತೆಲುಗು ಮನೆಗಳ ದುಡಿಮೆಯ ಗತಿಯೇ ಬದಲಾಯಿತು. ಒಕ್ಕಲಿಗನು ಸೂರ್ಯನನ್ನು ನೋಡಿ ಎದ್ದರೆ ಗಿರಣಿಯವನು ಭೋಂಗಾ ಕೇಳಿ ಎದ್ದನು. ಹೊಲದ ಕೆಲಸಕ್ಕೆ ಋತುವುಂಟು, ಯಂತ್ರಕ್ಕೆ ಋತುವಿಲ್ಲ. 1881ರ ಮೊದಲ ಕಾರಖಾನೆ ಕಾನೂನು ಏಳು ವರ್ಷದ ಕೆಳಗಿನ ಮಕ್ಕಳನ್ನು ದುಡಿಸಕೂಡದೆಂದೂ, ಏಳರಿಂದ ಹನ್ನೆರಡರವರನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದೆಂದೂ ವಿಧಿಸಿತು. ಎಳೆಯ ಮಗುವಿಗೆ 9 ಗಂಟೆಯ ದುಡಿಮೆಯು ಅಂದಿನ ದಯೆಯಾಗಿತ್ತು! ಬೆಳೆದ ಗಂಡಸಿಗೆ ಗಂಟೆಗಳ ಮಿತಿಯೇ ಇರಲಿಲ್ಲ. 1911ರಲ್ಲಿ ಬಟ್ಟೆಯ ಗಿರಣಿಗಳಲ್ಲಿ ದಿನಕ್ಕೆ 12 ಗಂಟೆ ಎಂದಾಯಿತು. 1922ರಲ್ಲಿ ವಾರಕ್ಕೆ 60, 1934ರಲ್ಲಿ 54, 1946ರ ತಿದ್ದುಪಡಿಯಲ್ಲಿ 48 ಎಂದು ಇಳಿಯಿತು. ಈ ಒಂದೊಂದು ಗಂಟೆಯ ಹಿಂದೆಯೂ ಎಷ್ಟು ಜನರ ಕೆಮ್ಮು, ಎಷ್ಟು ಮುಷ್ಕರ, ಎಷ್ಟು ಅರ್ಜಿಗಳಿವೆಯೆಂಬುದನ್ನು ಇಂದು ಅವನ್ನು ಅನುಭವಿಸುವವರು ನೆನೆಯುವುದು ಅಪರೂಪ.

ವಾರದ ರಜೆಯ ಕಥೆ ಇನ್ನೂ ಮನೋಹರವಾಗಿದೆ. ಜ್ಯೋತಿರಾವ ಫುಲೆಯವರ ಸಹಚರರಾದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರನ್ನು ಕೂಡಿಸಿ, ವಾರಕ್ಕೊಂದು ದಿನ ಬಿಡುವು ಬೇಕೆಂದು ಬೇಡಿಕೆ ಮಂಡಿಸಿದರು. ಆದಿತ್ಯವಾರವೇ ಬೇಕೆಂಬುದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು, ಅದು ಖಂಡೋಬನ ವಾರವೆಂಬುದು. ಕನ್ನಡಿಗರ ಮೈಲಾರಲಿಂಗನೇ ಮರಾಠಿಗರ ಖಂಡೋಬ. 1890ರ ಜೂನ್ 10ರಂದು ಗಿರಣಿಯ ಮಾಲಿಕರು ಅದಕ್ಕೆ ಒಪ್ಪಿದರು; 1891ರ ಕಾನೂನು ವಾರದ ರಜೆಯನ್ನು ಎಲ್ಲರಿಗೂ ವಿಸ್ತರಿಸಿತು. ಆದಿತ್ಯವಾರದ ಬಿಡುವು ಪರದೇಶದಿಂದ ಬಂದದ್ದೆಂದು ಮೂಗುಮುರಿಯುವವರು ಅದರ ಹಿಂದೆ ಭಂಡಾರ ಹಚ್ಚಿಕೊಂಡ ಹಣೆಗಳೂ ಇದ್ದವೆಂಬುದನ್ನು ತಿಳಿಯತಕ್ಕದ್ದು.

ಬಿಡುವು ಬಂತೆಂದ ಮಾತ್ರಕ್ಕೆ ದೇಹವು ಪಾರಾಗಲಿಲ್ಲ. ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬಿಸಿನೋಸಿಸ್ ಎಂಬ ಎದೆಯ ರೋಗ ಬರುತ್ತದೆ. ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುವುದು ಅದರ ವಿಚಿತ್ರ ಲಕ್ಷಣ. ಹೀಗಾಗಿ ಆದಿತ್ಯವಾರ ಚೆನ್ನಾಗಿದ್ದವನು ಸೋಮವಾರ ಏದುಸಿರು ಬಿಟ್ಟರೆ ಅದನ್ನು ಕಳ್ಳತನವೆಂದು ಬೈಯುವುದು ಸುಲಭವಾಗಿತ್ತು. ಮಗ್ಗಗಳ ಸದ್ದಿನಲ್ಲಿ ಕಿವಿ ಮಂದವಾದ ಹಿರಿಯರು, ತಲೆತಗ್ಗಿಸಿ ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟಿ ಕತ್ತು ಹಿಡಿದುಹೋದ ತಾಯಂದಿರು ಸೊಲ್ಲಾಪುರದ ಓಣಿಗಳಿಗೆ ಅಪರಿಚಿತರಲ್ಲ. ಹಳೆಯ ಗಿರಣಿಗಳು ಒಂದೊಂದಾಗಿ ನಿಂತುಹೋದಾಗ ಇನ್ನೊಂದು ಬಗೆಯ ಬೇನೆ ಕಾಣಿಸಿಕೊಂಡಿತು. ದುಡಿದು ದಣಿದವನಿಗಿಂತ ದುಡಿಮೆಯೇ ತಪ್ಪಿದವನ ಮನಸ್ಸು ಬೇಗ ಕುಸಿಯುವುದು. ಬೆಳಿಗ್ಗೆ ಹೋಗಲು ಎಡೆಯಿಲ್ಲ, ಸಂಜೆ ಬಂದು ಹೇಳಲು ಸುದ್ದಿಯಿಲ್ಲ, ಮನೆಯಲ್ಲಿ ತಾನು ಭಾರವಾದೆನೆಂಬ ಶಂಕೆ. ಇವು ಮೂರೂ ಕೂಡಿದಲ್ಲಿ ಸಾರಾಯಿಯು ತಾನಾಗಿ ಬಂದು ಬಾಗಿಲು ತಟ್ಟುತ್ತದೆ. 1948ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ರೋಗವಿಲ್ಲದ ಸ್ಥಿತಿ ಮಾತ್ರ ಆರೋಗ್ಯವಲ್ಲ, ದೇಹ, ಮನಸ್ಸು, ಸಮಾಜ ಈ ಮೂರರ ಕ್ಷೇಮವೂ ಕೂಡಿದ್ದು ಆರೋಗ್ಯವೆಂದು ನಿರೂಪಿಸಿದ್ದು ಗಿರಣಿಯ ಓಣಿಯನ್ನು ನೋಡಿದವರಿಗೆ ವ್ಯಾಖ್ಯಾನವಿಲ್ಲದೆ ಅರ್ಥವಾಗತಕ್ಕ ಮಾತು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ವಿಶ್ರಾಂತಿ, ಆರೋಗ್ಯ ಇವೆಲ್ಲ ಉಳ್ಳವರ ಮಾತು. ಒಂದು ದಿನದ ಕೂಲಿ ತಪ್ಪಿದರೆ ಒಲೆ ಹತ್ತದವನಿಗೆ ಇದನ್ನು ಬೋಧಿಸುವುದು ಹುಣ್ಣಿಗೆ ಉಪ್ಪು ಸವರಿದಂತಲ್ಲವೇ? ಬರದ ತಾಲೂಕುಗಳಿಂದ ಕಬ್ಬು ಕಡಿಯಲು ಮುಂಗಡ ಹಿಡಿದು ಗಂಡಹೆಂಡಿರಿಬ್ಬರೂ ಹೋಗುತ್ತಾರೆ. ತಿಂಗಳುಗಟ್ಟಲೆ ಗುಡಿಸಲಲ್ಲಿದ್ದು ನಸುಕಿಗೆ ಕೊಯ್ತಾ ಹಿಡಿಯುತ್ತಾರೆ. ಅವರಿಗೆ ಮಿತಾಹಾರ ಮಿತನಿದ್ರೆಗಳ ಶ್ಲೋಕ ಹೇಳಿದರೆ ನಗುವರು. ಈ ಆಕ್ಷೇಪಣೆಗೆ ಪೂರ್ಣ ಸಮಾಧಾನವಿಲ್ಲವೆಂದೇ ಒಪ್ಪಬೇಕು. ಆದರೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆಯು ಸ್ವಲ್ಪ ದಾರಿ ತೋರಿಸುತ್ತದೆ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಳಗೆ ಸೇರಿಸದೆ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರಲು ಕಳಿಸಿದಳು. ಆ ಮನೆಗಿಂತ ಬಡಮನೆ ಇನ್ನಾವುದು? ಆದರೂ ಸಾಕೆಂಬ ಶಬ್ದವು ಆ ಮನೆಯಲ್ಲಿತ್ತು. ಹೊಟ್ಟೆಗಾಗಿ ದುಡಿಯುವವನ ಗಂಟೆಗಳು ಬೇರೆ, ಪಕ್ಕದ ಮನೆಯವನಿಗಿಂತ ದೊಡ್ಡ ಮಾಳಿಗೆ ಎಬ್ಬಿಸಲು ದುಡಿಯುವವನ ಗಂಟೆಗಳು ಬೇರೆ. ಎರಡನೆಯವನು ಲಕ್ಕಮ್ಮನ ಮಾತನ್ನು ಕೇಳಬೇಕು. ಮೊದಲನೆಯವನ ವಿಷಯದಲ್ಲಿ ಧರ್ಮದ ಭಾರವು ಅವನ ಹೆಗಲಿನಿಂದ ಅವನನ್ನು ದುಡಿಸುವವನ ಹೆಗಲಿಗೆ ದಾಟುತ್ತದೆ. ತೋಟದ ಒಡೆಯನಾಗಲಿ, ಗುತ್ತಿಗೆದಾರನಾಗಲಿ, ಆಳಿಗೆ ನೀರು, ನೆರಳು, ಮಧ್ಯಾಹ್ನದ ಬಿಡುವು, ತಕ್ಕ ಕೂಲಿ ಇವನ್ನು ಕೊಡದೆ ಗುಡಿಯ ಕಳಸಕ್ಕೆ ಚಿನ್ನ ಕೊಟ್ಟರೆ ಆ ಚಿನ್ನದ ಲೆಕ್ಕವನ್ನು ಯಾರಿಗೆ ಬರೆಯಬೇಕು?

ಮಿತಿಮೀರಿದ ದುಡಿಮೆಯ ಬೆಲೆಯನ್ನು ಈಗ ಲೆಕ್ಕಹಾಕಿಯೂ ತೋರಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2016ನೆಯ ವರ್ಷವೊಂದರಲ್ಲಿಯೇ ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದುದರ ಫಲವಾಗಿ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಂದ ಲೋಕದಲ್ಲಿ 7,45,000 ಜನರು ಮಡಿದರು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ ಅಂಥವರಿಗೆ ಪಾರ್ಶ್ವವಾಯುವಿನ ಅಪಾಯವು ನೂರಕ್ಕೆ 35ರಷ್ಟು ಹೆಚ್ಚು. ಕೈಯಲ್ಲಿ ದೂರವಾಣಿ ಹಿಡಿದು ಪುಣೆ ಮುಂಬಯಿಗಳಲ್ಲಿ ನಡುರಾತ್ರಿಯವರೆಗೆ ಕೆಲಸ ಮಾಡುವ ಊರಿನ ಮಕ್ಕಳಿಗೆ ಭೋಂಗಾ ಇಲ್ಲ. ಇಲ್ಲದ್ದರಿಂದಲೇ ಅವರ ಕೆಲಸ ಮುಗಿಯಿತೆಂದು ಸಾರುವವರೂ ಇಲ್ಲ.

ಸಮಾಜದ ಕ್ಷೇಮವೆಂಬುದು ಈ ಸೀಮೆಯ ಹಬ್ಬಗಳಲ್ಲಿ ಹೇಗೆ ಹುದುಗಿದೆಯೆಂಬುದಕ್ಕೆ ಸಂಕ್ರಾಂತಿಯ ಗಡ್ಡಾ ಜಾತ್ರೆಯೇ ಸಾಕ್ಷಿ. ಏಳು ನಂದೀಧ್ವಜಗಳು ಬೇರೆ ಬೇರೆ ಸಮಾಜಗಳವರ ಹೊಣೆಯಲ್ಲಿ ಹೊರಡುತ್ತವೆ. ಮುಗಿಲಿಗೆ ಮುಖ ಮಾಡಿದ ಅಷ್ಟು ಭಾರದ ಕಾಠಿಯನ್ನು ಎಂಥ ಜಟ್ಟಿಯಾದರೂ ಇಡೀ ದಾರಿ ಒಬ್ಬನೇ ಹೊರಲಾರ. ಸ್ವಲ್ಪ ದೂರ ನಡೆದೊಡನೆ ಇನ್ನೊಬ್ಬನು ಬಂದು ಆನುತ್ತಾನೆ, ಧ್ವಜವು ವಾಲುವುದಿಲ್ಲ. ಬಿಟ್ಟುಕೊಟ್ಟವನನ್ನು ಸೋತನೆಂದು ಯಾರೂ ಹೇಳುವುದಿಲ್ಲ. ಊರಿನ ಇತರ ಭಾರಗಳಲ್ಲಿ, ಸಾಲದಲ್ಲಿ, ಕಾಯಿಲೆಯವರ ಆರೈಕೆಯಲ್ಲಿ, ಮುದುಕರ ಉಪಚಾರದಲ್ಲಿ ಮಾತ್ರ ಈ ಹೆಗಲು ಬದಲಾವಣೆ ಕಾಣದಿರುವುದು ಆಶ್ಚರ್ಯ.

ಮನಸ್ಸಿನ ಬೇನೆಯ ವಿಷಯದಲ್ಲಿ ಈ ಮೌನವು ಇನ್ನೂ ಗಾಢವಾಗಿದೆ. ಮೊಣಕಾಲು ನೋವೆಂದರೆ ಹತ್ತು ಮನೆಯವರು ಹತ್ತು ಎಣ್ಣೆ ಹೇಳುತ್ತಾರೆ. ಮನಸ್ಸಿಗೆ ಬೇಸರ, ನಿದ್ದೆಯಿಲ್ಲ, ಬದುಕು ಬೇಡವಾಗಿದೆ ಎಂದರೆ ದೃಷ್ಟಿ ತಾಗಿತೆನ್ನುತ್ತಾರೆ, ಇಲ್ಲವೆ ಮರ್ಯಾದೆಗೆ ಅಂಜಿ ಬಾಗಿಲು ಮುಚ್ಚುತ್ತಾರೆ. ದೇವರಿಗೆ ಹರಕೆ ಹೊರುವುದರಲ್ಲಿ ತಪ್ಪೇನಿಲ್ಲ. ವೈದ್ಯನ ಬಳಿಗೆ ಹೋಗಬಾರದೆಂದು ಯಾವ ದೇವರೂ ಹೇಳಲಿಲ್ಲ. ಭಾರತ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ ವ್ಯವಸ್ಥೆಯ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡ ಮರಾಠಿಗಳೂ ಸೇರಿದಂತೆ ಹಲವು ಭಾಷೆಗಳಲ್ಲಿ, ಹಗಲಿರುಳೆನ್ನದೆ, ಶುಲ್ಕವಿಲ್ಲದೆ ಬಲ್ಲವರೊಡನೆ ಮಾತಾಡಬಹುದು. ಶ್ರೀಶೈಲದ ಕೊಳ್ಳದ ಅಂಚಿನಲ್ಲಿ ನಿಂತ ಬಾಲಕನನ್ನು ಸಿದ್ಧನೆಂದು ಪೂಜಿಸುವ ಊರು, ಅದೇ ಅಂಚಿನಲ್ಲಿ ನಿಂತ ತನ್ನ ಮನೆಯ ಮಗನನ್ನು ಹೇಡಿಯೆನ್ನುವುದು ಯಾವ ನ್ಯಾಯ?

ಇನ್ನು ಒಂದು ಸಂಗತಿ ಉಳಿದಿದೆ. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬ ನೇಮವನ್ನು ಈ ಸೀಮೆಯ ಒಕ್ಕಲಿಗರು ಬಹುಕಾಲದಿಂದ ಪಾಲಿಸಿಕೊಂಡು ಬಂದಿದ್ದಾರೆ. ಬಸವಣ್ಣನ ವಾರವೆಂದು ಆ ದಿನ ಎತ್ತಿಗೆ ಬಿಡುವು. ಮೂಕಪ್ರಾಣಿಗೆ ವಿಶ್ರಾಂತಿಯನ್ನು ಧರ್ಮವಾಗಿಯೇ ಕಟ್ಟಿಕೊಟ್ಟ ಹಿರಿಯರ ಬುದ್ಧಿಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಆ ಸೋಮವಾರವೂ ಮನೆಯ ಹೆಂಗಸು ಎಂದಿನಂತೆ ಕೋಳಿ ಕೂಗುವ ಮೊದಲು ಎದ್ದು, ಸಗಣಿ ಬಳಿದು, ನೀರು ಹೊತ್ತು, ರೊಟ್ಟಿ ಬಡಿದು, ಉಪವಾಸದವರಿಗೆ ಬೇರೆ, ಉಣ್ಣುವವರಿಗೆ ಬೇರೆ ಅಡಿಗೆ ಮಾಡುತ್ತಾಳೆ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಒಟ್ಟಿಗೆ ಕೂತು ಉಣ್ಣುವುದು ಎಷ್ಟು ಸೊಗಸು! ಆ ಬುತ್ತಿಗಾಗಿ ಹಿಂದಿನ ರಾತ್ರಿ ಮಲಗದವಳು ಯಾರು? ಗಿರಣಿಯವನಿಗೆ ಆದಿತ್ಯವಾರ ಕೊಡಿಸಲು ಲೋಖಂಡೆಯವರು ಬಂದರು, ಎತ್ತಿಗೆ ಸೋಮವಾರ ಕೊಡಿಸಲು ನಂದಿಯು ಬಂದನು. ಗಂಡನ ಕಾಯಕಕ್ಕೆ ಸಾಕೆಂಬ ಗೆರೆಯನ್ನು ಎಳೆದವಳು ಲಕ್ಕಮ್ಮ. ಲಕ್ಕಮ್ಮನ ಒಲೆಗೂ ಒರಳಿಗೂ ಆ ಗೆರೆಯನ್ನು ಎಳೆದವರು ಯಾರೆಂಬುದನ್ನು ಕಥೆ ಹೇಳುವುದಿಲ್ಲ.